ನೀಲಿ ಅಂಚಿನ ಬಟ್ಟಲು

ಖಾಲಿದಿಯಾ, ಅಬುಧಾಬಿ
೧೬ ಜನವರಿ ೨೦೧೫

ಸುಜಿತ್,

ಪತ್ರವನ್ನು ಋತುವಿನ ಮಾತಿನಿಂದ ಶುರು ಮಾಡಬೇಕು ಎಂದು ಜಪಾನಿನ ಟೊಯಾಮಾದಲ್ಲಿ ನಾನಿದ್ದ ಮನೆಯ ಮುರಾಯಿ ಅಜ್ಜಿ ನನಗೆ ಹೇಳಿಕೊಟ್ಟಿದ್ದರು. ಹಾಗಾಗಿ ಮೊದಲು ಅದು. ಈ ವಾರ ಬೆಳಿಗ್ಗೆ ಮುಸಫ್ಫಾ ರಸ್ತೆಯಲ್ಲಿ ಮುಂದಿನ ಗಾಡಿಯ ಬೆನ್ನು ಕಾಣದಷ್ಟು ಮಂಜು. ಕಂಪೆನಿಯ ಬಸ್ಸು ತಡವರಿಸಿಕೊಂಡು ಹೋಗುತ್ತದೆ. ಡ್ರೈವರ್ ಬಾಯಲ್ಲಿ ದೇವರ ಹೆಸರು ಹೇಳುತ್ತಿರುತ್ತಾನೆ.

ಋತು ಮುಗಿಯಿತು. ಈಗ ವಿಷಯ.

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯಂತೆ. ಮಾಡು. ಕೈಬರಹವನ್ನು ಬ್ಲಾಕ್ ಮಾಡುವ ಯಂತ್ರ ಇನ್ನೂ ಬಂದಿಲ್ಲ. ನಮ್ಮ ಕೆಳಗಿನ ಮಹಡಿಯ ಆಸ್ವಾಲ್ಡ್ ಗುರುವಾರ ಗುರುವಾರ ಆಫೀಸು ಕೆಲಸಕ್ಕೆ ದುಬೈಗೆ ಹೋಗುತ್ತಾನಲ್ಲ, ಅವನು ಇದನ್ನು ನಿನ್ನ ಹೋಟೆಲಿನ ರಿಸೆಪ್ಶನ್‌ನಲ್ಲಿ ಕೊಡುತ್ತಾನೆ. ಉತ್ತರ ಬರೆಯುವ ಮನಸ್ಸಾದರೆ ಅವನ ಕೈಯಲ್ಲೇ ಕೊಡು.

ನಿನ್ನ ಅಮ್ಮನಿಗೆ ಗಂಟಲಿನ ಆಪರೇಷನ್ ಆಗಿದೆ. ದೊಡ್ಡದೇನಲ್ಲ ಎಂದು ಬರೆಯಲು ಹೇಳಿದ್ದಾಳೆ. ಬರೆದಿದ್ದೇನೆ. ಸ್ವರ ಹೋಗಿರುವುದರಿಂದ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ. ಅವಳೂ ಇನ್ನು ಮೇಲೆ ಬರೆಯುತ್ತಾಳೆ.

ವರ್ಕ್‌ಶಾಪಿನಲ್ಲಿ ಕೆಲಸ ಕಡಿಮೆಯಾಗಿದೆ. ಎಣ್ಣೆಯ ಬೆಲೆ ಇಳಿದ ಮೇಲೆ ಪಂಪ್ ರಿಪೇರಿಗೆ ಕಳಿಸುವವರಿಲ್ಲ. ಕಂಪೆನಿಯಲ್ಲಿ ಉಳಿದ ಕೊನೆಯ ಜಪಾನಿ, ಒಕಾಬೆ ಸಾಹೇಬರು, ಮಾರ್ಚಿನಲ್ಲಿ ಊರಿಗೆ ಹೋಗುತ್ತಾರೆ. ಜಪಾನಿ ಪದ್ಧತಿಯ ಬೆಳಗಿನ ವ್ಯಾಯಾಮಕ್ಕೆ ಈಗ ಅವರೂ ನಾನೂ ಇಬ್ಬರೇ. ಉಳಿದವರು ಬದಿಯಲ್ಲಿ ನಿಂತು ಚಾ ಕುಡಿಯುತ್ತಾರೆ. ನಗಾಡುತ್ತಾರೆ ಅಂತಲೂ ಗೊತ್ತು. ನಗಾಡಲಿ.

ಶುಕ್ರವಾರ ನೀವಿಬ್ಬರೂ ಬನ್ನಿ ಎಂದು ನಿನ್ನ ಅಮ್ಮನ ಆಸೆ. ನನ್ನ ಆಕ್ಷೇಪ ಇಲ್ಲ. ಬಾಗಿಲ ಬಳಿ ನಿನ್ನ ಮನೆಚಪ್ಪಲಿ ಇಟ್ಟಲ್ಲೇ ಇದೆ.

ಶೀನಪ್ಪ
(ನಿನ್ನ ಅಪ್ಪ)


ಕರಾಮಾ, ದುಬೈ
೫ ಫೆಬ್ರವರಿ ೨೦೧೫

ಅಪ್ಪ,

ನನ್ನ ಪತ್ರದಲ್ಲಿ ಹವಾಮಾನ ಇಲ್ಲ.

"ಆಕ್ಷೇಪ ಇಲ್ಲ" ಅಂತೆ. ಭಾರಿ ದೊಡ್ಡ ಮನಸ್ಸು. ನಿಮ್ಮ ಎರಡು ಪುಟದಲ್ಲಿ ನನ್ನ ಹೆಂಡತಿಗೆ ಒಂದು ಹೆಸರಿಲ್ಲ. ಅವಳ ಹೆಸರು ಜೆಸ್ಸಿಕಾ. ಮೂಡುಬೆಳ್ಳೆಯ ಕ್ರಿಶ್ಚಿಯನ್ ಪಾಯ್ಸರ ಮಗಳು, ಇಲ್ಲಿ ಕ್ಲಿನಿಕ್ಕಿನಲ್ಲಿ ನರ್ಸ್. ನಿಮಗೆ ನೆನಪಿಲ್ಲದಿದ್ದರೆ ಇರಲಿ, ನನಗೆ ಆಗಸ್ಟ್ ತಿಂಗಳ ಆ ಊಟ ಚೆನ್ನಾಗಿ ನೆನಪಿದೆ.

ಮೊದಲ ಸಲ ಮನೆಗೆ ಬಂದ ಹುಡುಗಿ. ನಿಮಗೆ ಜಪಾನ್ ಇಷ್ಟ ಅಂತ ನಾನೇ ಹೇಳಿದ್ದೆ. ಒಂದು ವಾರ ಕಡಲೆಕಾಳು ಇಟ್ಟುಕೊಂಡು ಚಾಪ್‌ಸ್ಟಿಕ್ ಅಭ್ಯಾಸ ಮಾಡಿದ್ದಳು, ನಾನೇ ಮುಟ್ಟದ ಕಡ್ಡಿಗಳನ್ನು. ನೀವು ಶೋಕೇಸಿನಿಂದ ಟೊಯಾಮಾದ ಬಟ್ಟಲುಗಳನ್ನು ಹೊರಗೆ ತೆಗೆದಾಗ ನನಗೆ ಎಷ್ಟು ಖುಷಿಯಾಯಿತು ಗೊತ್ತಾ. ಆ ಬಟ್ಟಲು ವರ್ಷಕ್ಕೊಮ್ಮೆ ಹೊಸವರ್ಷಕ್ಕೆ ಬಿಟ್ಟರೆ ಹೊರಗೆ ಬಂದದ್ದಿಲ್ಲ. ಅಪ್ಪ ಒಪ್ಪಿದರು ಅಂದುಕೊಂಡೆ.

ಅವಳು ಸೂಪು ಎತ್ತಲು ಎರಡು ಕೈ ಬೇಕು ಅಂತ ಕಡ್ಡಿಯನ್ನು ಅನ್ನದಲ್ಲಿ ಚುಚ್ಚಿಟ್ಟಳು. ನೀವು ಎದ್ದಿರಿ. ಮುಖ ಬಿಳುಚಿತ್ತು. ಅವಳ ಎದುರಿನಿಂದ ಬಟ್ಟಲನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಕಸದ ಡಬ್ಬಕ್ಕೆ ಸುರಿದಿರಿ. ಮುಚ್ಚಳದ ಸದ್ದು ನಮಗೆಲ್ಲ ಕೇಳಿತು. ಬಂದು ಅವಳ ಎದುರು ಒಂದು ಸ್ಟೀಲ್ ತಟ್ಟೆ, ಒಂದು ಚಮಚ ಇಟ್ಟು "ನೀವು ಊಟ ಮಾಡಿ" ಅಂದಿರಿ. ನಿಮಗೂ ನನಗೂ ಪಿಂಗಾಣಿ, ಅವಳಿಗೆ ಸ್ಟೀಲ್.

ಅಜ್ಜನಿಗೆ ಧಣಿಗಳ ಮನೆಯ ಅಂಗಳದಲ್ಲಿ ತೆಂಗಿನ ಗೆರಟೆಯಲ್ಲಿ ನೀರು ಕೊಡುತ್ತಿದ್ದರು ಅಂತ ನೀವೇ ನನಗೆ ಹೇಳಿದ್ದು. ಹೇಳುವಾಗ ನಿಮ್ಮ ಕಣ್ಣಲ್ಲಿ ನೀರಿತ್ತು. ಅದೇ ಗೆರಟೆಯನ್ನು ನನ್ನ ಹೆಂಡತಿಗೆ ಕೊಟ್ಟಿರಿ.

ಕಾರಿನಲ್ಲಿ ಅವಳು ಅಳಲಿಲ್ಲ. "ನಿನ್ನ ಅಪ್ಪನ ಮನೆ ಭಾರಿ ಕ್ಲೀನ್" ಅಂದಳು ಅಷ್ಟೇ. ಮದುವೆಗೆ ನಿಮ್ಮನ್ನು ಕರೆಯದಿದ್ದದ್ದು ಅದಕ್ಕೇ. ಅಮ್ಮನಿಗೆ ಬೇಗ ಗುಣವಾಗಲಿ.

ಸುಜಿತ್


ಖಾಲಿದಿಯಾ
೬ ಮಾರ್ಚ್ ೨೦೧೫

ಸುಜಿ ಮಗಾ,

ನೀನು ಅಪ್ಪನಿಗೆ ಬರೆದದ್ದನ್ನು ನಾನೂ ಓದಿದೆ. ಮೇಜಿನ ಮೇಲೆ ಬಿಚ್ಚಿಟ್ಟು ಸ್ನಾನಕ್ಕೆ ಹೋಗಿದ್ದರು. ನಾನು ಓದಲಿ ಅಂತಲೇ ಇಟ್ಟದ್ದು. ಆ ಮನುಷ್ಯ ಯಾವುದನ್ನೂ ಬಾಯಿಬಿಟ್ಟು ಹೇಳುವುದಿಲ್ಲ, ಮೇಜಿನ ಮೇಲೆ ಇಡುತ್ತಾರೆ.

ಅವರಿಗೆ ಈಗ ಮನೆಯಲ್ಲಿ ಭಾರಿ ಸುಖ. ಎದುರು ಮಾತಾಡುವವರಿಲ್ಲ. ನಾನು ಚೀಟಿಯಲ್ಲಿ ಬರೆದು ಬೈದರೆ ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುತ್ತಾರೆ. ಆಫೀಸಿನಿಂದ ಫೋನು ಬಂದರೆ ಮೊದಲಿನ ಹಾಗೇ ಫೋನು ಹಿಡಿದುಕೊಂಡು ಗೋಡೆಗೆ ಬಗ್ಗಿ ಬಗ್ಗಿ ನಮಸ್ಕಾರ. ನಗು ಬಂದರೂ ನನ್ನ ಗಂಟಲಿನಿಂದ ಗಾಳಿ ಮಾತ್ರ ಬರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ, ಸರಿಯಾಗಿ ಕೂತು ಓದು. ಅನ್ನದಲ್ಲಿ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸುವುದು ಜಪಾನಿನವರಲ್ಲಿ ಸತ್ತವರಿಗೆ ಮಾತ್ರ. ಸತ್ತವರ ತಲೆದಿಂಬಿನ ಬಳಿ, ಅವರದೇ ಬಟ್ಟಲಿನಲ್ಲಿ, ರಾಶಿ ಅನ್ನ ಹಾಕಿ ಹಾಗೆ ಕಡ್ಡಿ ನೆಟ್ಟು ಇಡುತ್ತಾರಂತೆ. ಕಂಪೆನಿ ಇವರನ್ನು ಎಂಟು ತಿಂಗಳು ತರಬೇತಿಗೆ ಕಳಿಸಿತ್ತಲ್ಲ, ಆಗ ಇವರು ಇದ್ದ ಮನೆಯ ಯಜಮಾನ, ಮುರಾಯಿ ಅಜ್ಜಿಯ ಗಂಡ, ತೀರಿಹೋದರು. ಇವರು ಕಣ್ಣಾರೆ ಕಂಡದ್ದು. ನಮ್ಮಲ್ಲಿ ಕಾಗೆಗೆ ಎಲೆ ಇಡುವುದಿಲ್ಲವಾ, ಹಾಗೆ ಅಂತ ತಿಳಿದುಕೋ. ಕಾಗೆಗೆ ಇಟ್ಟ ಎಲೆಯನ್ನು ಮನೆಗೆ ಬರುವ ಸೊಸೆಯ ಎದುರಿಟ್ಟು ಉಣ್ಣು ಅನ್ನಲು ಯಾರಿಗಾದರೂ ಮನಸ್ಸು ಬರುತ್ತದಾ? ಅದಕ್ಕೆ ಅವರು ಆ ಅನ್ನ ಚೆಲ್ಲಿದ್ದು.

ಮತ್ತೊಂದು. ಮುರಾಯಿ ಅಜ್ಜಿ ಕೊಟ್ಟದ್ದು ಮೂರೇ ಬಟ್ಟಲು, ನಮ್ಮ ಮೂವರಿಗೆ ಒಂದೊಂದು. ಆ ದಿನ ಹುಡುಗಿಗೆ ಬಡಿಸಿದ್ದು ನನ್ನ ನೀಲಿ ಅಂಚಿನ ಬಟ್ಟಲಿನಲ್ಲಿ. "ನಿನ್ನ ಬಟ್ಟಲಿನಲ್ಲಿ, ವಸಂತಿ" ಅಂತ ಅಡುಗೆಮನೆಯಲ್ಲಿ ಹೇಳಿದರು. ನನಗೇ ಕೆಡುಕಾಗುತ್ತದೆ ಅಂತ ಅವರಿಗೆ ಹೆದರಿಕೆ. ನಾನು ನಗಾಡಿಬಿಟ್ಟೆ. ಬೇರೆ ಪಿಂಗಾಣಿ ಇರಲಿಲ್ಲ, ಕಡ್ಡಿಯಲ್ಲಿ ಪಾಪ ಅವಳು ಕಷ್ಟಪಡುತ್ತಿದ್ದಳು, ಅದಕ್ಕೆ ತಟ್ಟೆ, ಚಮಚ.

ಅವಳಿಗೆ ಅಲ್ಲೇ ಹೇಳಬಹುದಿತ್ತಲ್ಲ ಅಂತ ಕೇಳಿದೆ. ಬಂದ ಅತಿಥಿಯ ತಪ್ಪನ್ನು ಎದುರಿಗೆ ಎತ್ತಬಾರದಂತೆ. ಇವರ ಜಪಾನಿಗೆ ಬೆಂಕಿ ಬೀಳಲಿ ಅಂತ ಆ ದಿನ ನನಗೂ ಅನಿಸಿತು. ಆದರೆ ಮಗಾ, ಜಾತಿ ಅಂತ ಹೇಳಬೇಡ. ಆಸ್ವಾಲ್ಡ್ ಅವಳ ಜಾತಿಯವನೇ ಅಲ್ಲವಾ, ನಮ್ಮಲ್ಲಿ ಎಷ್ಟು ಸಲ ಉಂಡಿಲ್ಲ? ಯಾವ ತಟ್ಟೆಯನ್ನು ಇವರು ಎಸೆದದ್ದು?

ನಾನು ಟೊಯಾಮಾ ನೋಡಿಲ್ಲ. ಆದರೆ ಅಲ್ಲಿಯ ಗಲ್ಲಿ ಗಲ್ಲಿ ನನಗೆ ಬಾಯಿಪಾಠ. ಅಂಗಡಿಯವನೇ ಇಲ್ಲದ ತರಕಾರಿ ಅಂಗಡಿ, ದುಡ್ಡು ಹಾಕಲು ಒಂದು ತಗಡಿನ ಡಬ್ಬ. ಮೀನು ಮಾರುಕಟ್ಟೆಯ ಹಿಂದೆ ಸಮುದ್ರ, ಸಮುದ್ರದ ಆಚೆ ಹಿಮದ ಗುಡ್ಡ. ರಿಟೈರ್ ಆದ ಮೇಲೆ ಒಮ್ಮೆ ಕರೆದುಕೊಂಡು ಹೋಗುತ್ತೇನೆ ಅಂತ ಹೇಳುತ್ತಲೇ ಇದ್ದರು. ಈಗ ಆ ಮಾತು ಎತ್ತುವುದಿಲ್ಲ.

ಬಾ ಮಗಾ. ಅವಳನ್ನೂ ಕರೆದುಕೊಂಡು ಬಾ.

ನಿನ್ನ ಅಮ್ಮ


ಕರಾಮಾ, ದುಬೈ
೨೬ ಮಾರ್ಚ್ ೨೦೧೫

ಅಮ್ಮ,

ನಿನ್ನ ಅಕ್ಷರ ನೋಡಿ ಖುಷಿಯಾಯಿತು. ಸ್ವಲ್ಪ ವಾಲಿದೆ, ಮಲಗಿಕೊಂಡು ಬರೆದೆಯಾ?

ನೀನು ಹೇಳಿದ ಪದ್ಧತಿಯನ್ನು ಫೋನಿನಲ್ಲಿ ಹುಡುಕಿ ನೋಡಿದೆ. ಇದೆ, ಒಪ್ಪುತ್ತೇನೆ. ಆದರೆ ನಾನು ಹುಟ್ಟಿದಾಗಿನಿಂದ ಜಪಾನ್ ಕೇಳಿ ಬೆಳೆದವನು. ಹಿಮ ಕೇಳಿದೆ, ರೈಲಿನಲ್ಲಿ ಮರೆತ ಕೊಡೆ ಹುಡುಕಿಕೊಂಡು ಮನೆಗೆ ಬಂದದ್ದು ಕೇಳಿದೆ, ಟಾಯ್ಲೆಟ್ಟಿನ ಚಪ್ಪಲಿ ಬೇರೆ, ಮನೆಯ ಚಪ್ಪಲಿ ಬೇರೆ ಅಂತ ಕೇಳಿದೆ. ಹೆಣದ ಬಳಿ ಇಡುವ ಅನ್ನದ ಕಥೆಯನ್ನು ಮಾತ್ರ ಒಮ್ಮೆಯೂ ಕೇಳಿಲ್ಲ. ಬೇಕಾದಾಗ ಅದು ಎಲ್ಲಿಂದ ಬಂತು?

ಚಿಕ್ಕಂದಿನಿಂದ ನೋಡಿದ್ದೇನೆ, ಅಪ್ಪ ಒಡೆದದ್ದನ್ನು ನೀನು ಅಂಟಿಸುತ್ತಾ ಬಂದಿದ್ದೀಯ. ಇದೂ ನಿನ್ನದೇ ಅಂಟು ಅಂತ ನನಗೆ ಅನಿಸುತ್ತದೆ. ಆಸ್ವಾಲ್ಡ್ ಅಂಕಲ್ ಮಾತು ಬೇರೆ. ಅವರು ಉಂಡು ಕೈತೊಳೆದು ಕೆಳಗಿನ ಮಹಡಿಗೆ ಹೋಗುತ್ತಾರೆ. ಸೊಸೆ ಹಾಗೆ ಹೋಗುವುದಿಲ್ಲ. ಅಲ್ಲೇ ಅಪ್ಪನ ಬಣ್ಣ ಗೊತ್ತಾದದ್ದು.

ನೀನು ಹೇಳಿದ್ದು ನಿಜವಾದರೆ ಅವರೇ ಹೇಳಲಿ. ನನಗೆ ಬೇಡ, ಜೆಸ್ಸಿಕಾಗೆ. ಒಂದೇ ಒಂದು ಸಾಲು ಸಾಕು. ಆ ಸಾಲು ಬಂದ ದಿನ ನಾವು ಹೊರಟು ಬರುತ್ತೇವೆ. ಅಲ್ಲಿಯವರೆಗೆ ಆ ಹೊಸ್ತಿಲನ್ನು ನಾನು ಮೆಟ್ಟುವುದಿಲ್ಲ.

ನಿನ್ನನ್ನು ನೋಡಬೇಕು ಅಂತ ಆಗುತ್ತದೆ ಅಮ್ಮ. ಸ್ವರ ಬಂದ ಕೂಡಲೇ ನಿನ್ನ ಫೋನಿನಿಂದ ಮಾಡು.

ಸುಜಿತ್


ಆಸ್ಪತ್ರೆ, ಅಬುಧಾಬಿ
೨೦ ಏಪ್ರಿಲ್ ೨೦೧೫

ನಮ್ಮ ಇವರಿಗೆ,

ನೀವು ಈಗಷ್ಟೇ ಎದ್ದು ಹೋದಿರಿ. ಎದುರಿಗೆ ಚೀಟಿ ಬರೆದರೆ ಪೂರ್ತಿ ಓದದೆ ಜೇಬಿಗೆ ಹಾಕುತ್ತೀರಿ. ಹಾಗಾಗಿ ಕವರಿನಲ್ಲಿ ಹಾಕಿ ಕೊಡುತ್ತಿದ್ದೇನೆ. ಮನೆಗೆ ಹೋಗಿ ಕನ್ನಡಕ ಹಾಕಿ ಓದಿ.

ಡಾಕ್ಟರು ನಿಮ್ಮನ್ನು ಹೊರಗೆ ಕರೆದು ಹೇಳಿದ್ದು ನನಗೂ ಗೊತ್ತು. ಕಾಸರಗೋಡಿನ ನರ್ಸ್ ಝುಲೈಖಳನ್ನು ನಾನೇ ಪೀಡಿಸಿ ಕೇಳಿದೆ. ಪಾಪ, ಹೇಳಿ ಅತ್ತಳು. ಕ್ಯಾನ್ಸರ್ ಹಬ್ಬಿದೆ, ರಮ್ಜಾನ್ ಉಪವಾಸ ಶುರುವಾಗುವವರೆಗೆ ಉಳಿದರೆ ಪುಣ್ಯ. ನೀವು ಒಳಗೆ ಬಂದು ಕಿಟಕಿಯ ಪರದೆ ಸರಿಮಾಡಿ "ಇವತ್ತು ಗಾಳಿ ಚೆನ್ನಾಗಿದೆ" ಅಂದಿರಿ. ಎಷ್ಟು ವರ್ಷ ಸಂಸಾರ ಮಾಡಿದ್ದೇನೆ, ನನಗೆ ಗೊತ್ತಾಗುವುದಿಲ್ಲವಾ?

ಮಗನಿಗೆ ಇದನ್ನು ಹೇಳಬೇಡಿ. ನನ್ನ ಮೇಲೆ ಆಣೆ. ಸಾಯುತ್ತಿದ್ದೇನೆ ಅಂತ ಕರೆದರೆ ಓಡಿ ಬರುತ್ತಾನೆ. ನನ್ನನ್ನು ನೋಡುತ್ತಾನೆ, ಕಾರ್ಯ ಮುಗಿಸುತ್ತಾನೆ, ನಿಮ್ಮ ಮುಖ ನೋಡದೆ ಹೋಗುತ್ತಾನೆ. ಆಮೇಲೆ ನೀವೊಬ್ಬರೇ. ಅನ್ನ ಬೇಯಿಸಿಕೊಳ್ಳುತ್ತೀರಿ, ಯಾರ ಹತ್ತಿರ ಮಾತಾಡುತ್ತೀರಿ? ಅವನು ನಿಮ್ಮ ಮೇಲಿನ ಸಿಟ್ಟು ಬಿಟ್ಟು ಬರಬೇಕು. ನನಗೆ ಈಗ ಇರುವ ಆಸೆ ಅದೊಂದೇ.

ಅದು ನಿಮ್ಮ ಕೈಯಲ್ಲಿದೆ. ಆ ಹುಡುಗಿಗೆ ನಾಲ್ಕು ಸಾಲು ಬರೆಯಿರಿ. ಬಾಗುವುದು ಅಂದರೆ ಜಪಾನಿಗಳ ಹಾಗೆ ಸೊಂಟ ಬಗ್ಗಿಸುವುದು ಮಾತ್ರ ಅಂತ ತಿಳಿದುಕೊಂಡಿದ್ದೀರಿ ನೀವು.

ನಾಳೆ ಬರುವಾಗ ಗಂಜಿಯ ನೀರು ತನ್ನಿ, ಉಪ್ಪು ಹಾಕಿ. ಇಲ್ಲಿಯ ಸೂಪು ನನ್ನಿಂದಾಗದು.

ವಸಂತಿ


ಖಾಲಿದಿಯಾ
೮ ಮೇ ೨೦೧೫

ಸುಜಿತ್,

ಋತು: ಕೆಳಗಿನ ರಸ್ತೆಯ ಖರ್ಜೂರದ ಗೊನೆಗಳಿಗೆ ಮುನಿಸಿಪಾಲಿಟಿಯವರು ಬಲೆ ಕಟ್ಟಿದ್ದಾರೆ. ಕಾಯಿ ಇನ್ನೂ ಹಸಿರು. ಬೆಳ್ಳಂಬೆಳಿಗ್ಗೆಯೇ ಅಂಗಿ ಮೈಗೆ ಅಂಟುತ್ತದೆ.

ನಿನ್ನ ಹೆಂಡತಿಗೆ ಬರೆಯಲು ಹಲವು ಸಲ ಕೂತೆ. ಆಗಲಿಲ್ಲ. ನಿನಗೆ ಬರೆಯುತ್ತಿದ್ದೇನೆ. ಒಂದು ಸಂಗತಿ ಹೇಳುತ್ತೇನೆ. ನೀನು ಇದನ್ನು ಕೇಳಿಲ್ಲ, ಯಾಕೆಂದರೆ ನಾನು ಹೇಳಿಲ್ಲ.

ಟೊಯಾಮಾಕ್ಕೆ ಹೋದ ಮೊದಲ ಸಂಜೆ ಮುರಾಯಿ ಅಜ್ಜಿ ನನ್ನನ್ನು ಸ್ನಾನಕ್ಕೆ ಕರೆದರು. ಅಲ್ಲಿ ಹೊರಗೆ ಮೈ ತೊಳೆದುಕೊಂಡು ಬಿಸಿನೀರಿನ ತೊಟ್ಟಿಯಲ್ಲಿ ಇಳಿದು ಕೂರುವುದು. ಒಂದೇ ತೊಟ್ಟಿ, ಒಂದೇ ನೀರು, ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು. ಅತಿಥಿ ಎಂದು ಮೊದಲು ನನ್ನನ್ನು ಇಳಿಸಿದರು. ನಾನು ಎದ್ದು ಬಂದು, ನೀರು ಚೆಲ್ಲಿ ತೊಟ್ಟಿ ತೊಳೆಯುತ್ತಾರೆ ಎಂದು ಬಾಗಿಲಲ್ಲಿ ನಿಂತಿದ್ದೆ. ಆ ಮುದುಕ ನನ್ನ ಎದುರೇ ಅದೇ ನೀರಿನಲ್ಲಿ ಇಳಿದು, ಕಣ್ಣು ಮುಚ್ಚಿ, ಹಾಯೆಂದು ಕೂತರು. ಆಮೇಲೆ ಅಜ್ಜಿ.

ಗೆರಟೆಯಲ್ಲಿ ನೀರು ಕುಡಿದವನ ಮಗ ಮಿಂದ ನೀರು ಅದು. ನಾನು ಕೋಣೆಗೆ ಹೋಗಿ ಅತ್ತೆ. ನಿಮ್ಮೆಲ್ಲರಿಗೆ ನನ್ನ ಜಪಾನ್ ಒಂದು ತಮಾಷೆ. ಬಗ್ಗುವುದು, ಚಪ್ಪಲಿ, ವ್ಯಾಯಾಮ. ಎಲ್ಲ ಶುರುವಾದದ್ದು ಆ ಸಂಜೆ. ಅಲ್ಲಿ ಯಾರೂ ದೊಡ್ಡ ಮಾತಾಡಲಿಲ್ಲ, ಸಮಾನತೆ ಅಂತ ಭಾಷಣ ಮಾಡಲಿಲ್ಲ. ನೀರಿಗೆ ಇಳಿದರು ಅಷ್ಟೇ. ಹಾಗೆ ಬದುಕಬೇಕು ಅಂತ ನನಗೂ ಆಯಿತು.

ಅಂಥವನ ಮೇಲೆ ನೀನು ಆ ಮಾತು ಹೊರಿಸಿದೆ. ನನ್ನದೇ ಅಪ್ಪನ ಗೆರಟೆಯನ್ನು ನನ್ನ ಮುಖಕ್ಕೆ ಎಸೆದೆ. ಇದಕ್ಕೆ ನಾನು ಸಾಕ್ಷಿ, ಸಮಜಾಯಿಷಿ ಕೊಡುವುದಿಲ್ಲ. ಸಾವಿನ ಅನ್ನದ ಮಾತನ್ನು ಉಣ್ಣುವ ಮನೆಯಲ್ಲಿ ಆಡಬಾರದು ಎಂದು ಇಷ್ಟು ವರ್ಷ ಆಡಿರಲಿಲ್ಲ. ಈಗಲೂ ಆಡಲು ಹೆದರಿಕೆಯಾಗುತ್ತದೆ.

ಜಗಳ ಇರಲಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ನೀನು ಬಾ. ಯಾಕೆ ಎಂದು ಕೇಳಬೇಡ, ಹೇಳುವ ಹಾಗಿಲ್ಲ. ಮುಂದಿನ ಶುಕ್ರವಾರವೇ ಬಾ.

ಅಪ್ಪ


ಕರಾಮಾ, ದುಬೈ
೨೧ ಮೇ ೨೦೧೫

ಅಪ್ಪ,

ನಿಮ್ಮ ಪತ್ರವನ್ನು ಜೆಸ್ಸಿಕಾಗೆ ಓದಿ ಹೇಳಿದೆ. ತೊಟ್ಟಿಯ ನೀರಿನ ಭಾಗ ಮತ್ತೊಮ್ಮೆ ಓದಿಸಿದಳು. ಇದನ್ನು ಮೊದಲೇ ಹೇಳಿದ್ದರೆ ಏನಾಗುತ್ತಿತ್ತು ಅಪ್ಪ?

ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ, ಸುಳ್ಳು ಹೇಳುವುದಿಲ್ಲ. ನೀವು ಈಗಲೂ ಅವಳಿಗೆ ಬರೆಯಲಿಲ್ಲ. ಆದರೂ ಬರುತ್ತೇವೆ. ಬರೋಣ ಅಂತ ಅವಳೇ ಹೇಳಿದ್ದು. ಹೋಟೆಲಿನಲ್ಲಿ ಶುಕ್ರವಾರವೆಂದರೆ ಡಬಲ್ ಡ್ಯೂಟಿ, ರಜೆ ಕೇಳಿದರೆ ಮಾಫಿ, ಇಲ್ಲ ಅಂತಲೇ ಉತ್ತರ. ಈದ್‌ಗೆ ಮೂರು ದಿನ ಸಿಕ್ಕಿದೆ, ಮ್ಯಾನೇಜರ್ ಸಹಿ ಹಾಕಿದ್ದಾನೆ. ಈದ್ ದಿನ ಮಧ್ಯಾಹ್ನ ಊಟಕ್ಕೆ ನಾವು ಅಲ್ಲಿರುತ್ತೇವೆ.

ಜೆಸ್ಸಿಕಾ ಇಲ್ಲಿಯ ಜಪಾನಿ ಅಂಗಡಿಯಿಂದ ತನಗೆ ಒಂದು ಬಟ್ಟಲು ತಂದಿದ್ದಾಳೆ. ಹಸಿರು ಬಣ್ಣದ್ದು. ಅಮ್ಮನ ಬಟ್ಟಲು ಅಮ್ಮನಿಗೇ ಇರಲಿ ಅಂದಳು. ಅಮ್ಮನಿಗೆ ಹೇಳಿ, ನೀರ್‌ದೋಸೆಯೂ ಕೋಳಿ ಸಾರೂ ಬೇಕು ಅಂತ. ಇನ್ನೆಷ್ಟು ದಿನ, ಎರಡು ತಿಂಗಳೂ ಇಲ್ಲ.

ನಿಮ್ಮ ನಂಬರನ್ನು ಅನ್‌ಬ್ಲಾಕ್ ಮಾಡಿದ್ದೇನೆ.

ಸುಜಿತ್


ಕರಾಮಾ, ದುಬೈ
೨೫ ಜೂನ್ ೨೦೧೫

ಮಾವ,

ನಾನು ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಪತ್ರ ಬರೆದದ್ದಿಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಿ. ಸುಜಿತ್‌ಗೆ ತೋರಿಸದೆ ಬರೆಯುತ್ತಿದ್ದೇನೆ. ಅವನು ಡ್ಯೂಟಿಗೆ ಹೋಗುತ್ತಾನೆ, ಬರುತ್ತಾನೆ, ಉಣ್ಣು ಅಂದರೆ ಉಣ್ಣುತ್ತಾನೆ.

ಆಸ್ವಾಲ್ಡ್ ಅಂಕಲ್ ಫೋನು ಮಾಡಿದಾಗ ಅವನು ಕೌಂಟರಿನಲ್ಲಿದ್ದನಂತೆ. ಯೂನಿಫಾರಂ ಬದಲಿಸದೆ ಬಂದ. ನಾವು ಆಸ್ಪತ್ರೆ ತಲುಪುವಾಗ ಅತ್ತೆಯನ್ನು ಶವಾಗಾರಕ್ಕೆ ಒಯ್ದಿದ್ದರು. ಝುಲೈಖ ಸಿಸ್ಟರ್ ಎಲ್ಲ ಹೇಳಿದರು, ಏಪ್ರಿಲಿನಿಂದ ಗೊತ್ತಿದ್ದದ್ದು, ಅತ್ತೆ ಆಣೆ ಹಾಕಿದ್ದು. ಸುಜಿತ್ ಗೋಡೆಗೆ ಒರಗಿಕೊಂಡು "ಈದ್‌ಗೆ ಬರುತ್ತೇನೆ ಅಂದಿದ್ದೆ" ಅಂತ ಅದನ್ನೇ ಹೇಳುತ್ತಿದ್ದ. ನೀವು ಅಷ್ಟರಲ್ಲಿ ಒಮ್ಮೆ ಮನೆಗೆ ಹೋಗಿ ಬಂದು ಅಲ್ಲೇ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಿರಿ. ಬಂದವರಿಗೆಲ್ಲ ಎದ್ದು ಬಾಗುತ್ತಿದ್ದಿರಿ. ನನಗೂ ಬಾಗಿದಿರಿ.

ಅತ್ತೆಗೆ ಉಡಿಸಲು ಸೀರೆ ತರಲು ಸುಜಿತ್ ಮನೆಗೆ ಹೋದ. ಅಲ್ಲಿಂದ ನನಗೆ ಫೋನು ಮಾಡಿದ. ಅತ್ತೆಯ ಮಂಚದ ಹಾಸಿಗೆ ಬಿಡಿಸಿ ಹೊಸ ಚಾದರ ಹಾಕಿತ್ತಂತೆ. ದಿಂಬಿನ ಪಕ್ಕದ ಸ್ಟೂಲಿನ ಮೇಲೆ ನೀಲಿ ಅಂಚಿನ ಬಟ್ಟಲು. ರಾಶಿ ಅನ್ನ. ನಡುವೆ ಎರಡು ಕಡ್ಡಿ, ನೆಟ್ಟಗೆ.

"ಜೆಸ್ಸಿ, ಅಮ್ಮ ಹೇಳಿದ್ದು ಸತ್ಯ" ಅಂದ. ಮಂಚದ ಕಾಲಿಗೆ ತಲೆ ಕೊಟ್ಟು ನೆಲದಲ್ಲಿ ಕೂತಿದ್ದನಂತೆ. ಆಸ್ವಾಲ್ಡ್ ಅಂಕಲ್ ಎಬ್ಬಿಸಿಕೊಂಡು ಬಂದರು.

ಮಾವ, ಎರಡು ವಿಷಯ ಕೇಳಬೇಕು. ಕೇಳದಿದ್ದರೆ ನನಗೆ ನಿದ್ದೆ ಇಲ್ಲ.

ಒಂದು. ಅದೇ ಬಟ್ಟಲಿನಲ್ಲಿ ಅದೇ ರೀತಿ ಮೊದಲು ಕಡ್ಡಿ ನೆಟ್ಟವಳು ನಾನು, ಅವರು ಬದುಕಿದ್ದಾಗಲೇ. ನಾನು ನರ್ಸ್. ಕ್ಯಾನ್ಸರ್ ಯಾಕೆ ಬರುತ್ತದೆ, ಯಾಕೆ ಬರುವುದಿಲ್ಲ ಅಂತ ಗೊತ್ತು. ಆದರೂ ಅಕ್ಕಿ ತೊಳೆಯುವಾಗ ಕೈ ನಿಂತುಬಿಡುತ್ತದೆ. ಇದು ನನ್ನಿಂದ ಆದದ್ದಾ?

ಇನ್ನೊಂದು. ಸುಜಿತ್ ಚಪ್ಪಲಿ ಹಾಕಿಕೊಂಡು ಒಳಗೆ ಬಂದರೆ ಕಟ್ಟಡಕ್ಕೇ ಕೇಳುವ ಹಾಗೆ ಬೈಯುತ್ತಿದ್ದಿರಂತೆ. ನನಗೂ ಆ ದಿನ ಬೈಯಬಹುದಿತ್ತು ಮಾವ. "ಹಾಗೆ ಚುಚ್ಚಬೇಡ ಮಾರಾಯ್ತಿ, ಕೆಟ್ಟದ್ದು" ಅಂದಿದ್ದರೆ ನಾನು ತೆಗೆಯುತ್ತಿದ್ದೆ. ಮನೆಯವಳಾದರೆ ಬೈಯುತ್ತಿದ್ದಿರಿ. ಬೈಯಲಿಲ್ಲ, ತಟ್ಟೆ ಬದಲಿಸಿದಿರಿ. ಹೊಟ್ಟೆ ಉರಿದದ್ದು ಅದಕ್ಕೆ, ಜಾತಿಗಲ್ಲ.

ಜೆಸ್ಸಿಕಾ


ಖಾಲಿದಿಯಾ
೩ ಜುಲೈ ೨೦೧೫

ಜೆಸ್ಸಿಕಾ,

ಈ ಪತ್ರದಲ್ಲಿ ಋತುವಿನ ಮಾತಿಲ್ಲ. ಯಾವ ಋತು ನಡೆಯುತ್ತಿದೆ ಎಂದು ನನಗೆ ಗೊತ್ತಿಲ್ಲ.

ನಿನ್ನ ಮೊದಲ ಪ್ರಶ್ನೆಗೆ ಮೊದಲು. ಅಲ್ಲ. ನಿನ್ನಿಂದ ಆದದ್ದಲ್ಲ. ನೀನು ಮನೆಗೆ ಬರುವುದಕ್ಕಿಂತ ಬಹಳ ಹಿಂದೆಯೇ ಆ ಗಂಟು ಅವಳ ಗಂಟಲಿನಲ್ಲಿತ್ತು. ಡಾಕ್ಟರಿಗೆ ನಾನೇ ಕೇಳಿದೆ, ಆಗಸ್ಟಿನ ಮೊದಲು ಇತ್ತಾ, ಆಮೇಲೆ ಬಂದದ್ದಾ ಎಂದು. ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ನಿನಗೆ ಆಗುತ್ತದೆ. ಕೇಳುವಾಗ ನನಗೆ ನಾಚಿಕೆಯಾಯಿತು, ಆದರೂ ಕೇಳಿದೆ. ಮೊದಲೇ ಇತ್ತು ಎಂದರು. ಸ್ಕ್ಯಾನ್ ತೋರಿಸಿ ಹೇಳಿದರು. ಆದ್ದರಿಂದ ಅಕ್ಕಿ ತೊಳೆಯುವಾಗ ಕೈ ನಿಲ್ಲಿಸಬೇಡ. ಚೆನ್ನಾಗಿ ತೊಳೆ, ನೀರು ತಿಳಿಯಾಗುವವರೆಗೆ.

ಅನ್ನ ಚೆಲ್ಲಿದರೆ ಸಾವು ದೂರ ಹೋಗುತ್ತದೆ ಎಂದು ಆ ದಿನ ನಾನು ಎದ್ದೆ. ಸಾವು ಎಲ್ಲಿಗೂ ಹೋಗಲಿಲ್ಲ. ದೂರ ಹೋದದ್ದು ನೀವಿಬ್ಬರು. ಅವಳು ಕೊನೆಯವರೆಗೂ ಬಾಗಿಲು ನೋಡುತ್ತಿದ್ದಳು. ಈದ್‌ಗೆ ಬರುತ್ತಾರೆ ಎಂದು ಸುಜಿತ್ ಬರೆದದ್ದನ್ನು ಓದಿ ಹೇಳಿದ್ದೆ. ಹಸಿರು ಬಟ್ಟಲಿನ ಮಾತು ಬಂದಾಗ ಕೈ ಹೊಡೆದು ನಕ್ಕಳು, ಸ್ವರ ಇಲ್ಲದ ನಗು. ಕಾಗದ ಕೇಳಿ "ಸಾರು ನೀವು ಮಾಡಿ, ಕಾಯಿ ಹುರಿಯುವಾಗ ಕರಟಿಸಬೇಡಿ" ಎಂದು ಬರೆದುಕೊಟ್ಟಳು.

ಎರಡನೆಯದು. ನೀನು ಹೇಳಿದ್ದು ಸರಿ. ಇಷ್ಟು ದಿನ ನಿನ್ನನ್ನು ನೀವು, ನೀವು ಎಂದು ಹೊರಗೆ ಕೂರಿಸಿದೆ. ಬಾಕಿ ಇದ್ದದ್ದನ್ನು ಈಗ ತೀರಿಸುತ್ತೇನೆ, ಕೇಳು. ಅನ್ನದಲ್ಲಿ ಕಡ್ಡಿ ಚುಚ್ಚಬಾರದು ಮಾರಾಯ್ತಿ. ಎರಡು ಕೈ ಬೇಕಾದರೆ ಕಡ್ಡಿಯನ್ನು ಮೊದಲು ಅಡ್ಡಕ್ಕೆ ಕೆಳಗಿಡಬೇಕು. ಒಂದು ವಾರ ಕಡಲೆಕಾಳು ಹೆಕ್ಕಿದವಳಿಗೆ ಅಷ್ಟು ಗೊತ್ತಾಗಲಿಲ್ಲವಾ? ಇನ್ನು ಮುಂದೆ ನನ್ನ ಮನೆಯಲ್ಲಿ ಹಾಗೆ ಮಾಡಿದರೆ ಕೈಮೇಲೆ ಕೊಡುತ್ತೇನೆ.

ಈದ್ ದಿನ ಹೇಳಿದ ಹಾಗೆ ಬನ್ನಿ, ಇಬ್ಬರೂ. ಸುಜಿತ್ ಫೋನು ಮಾಡುತ್ತಾನೆ, ನಾನು ಎತ್ತುತ್ತೇನೆ, ಊಟ ಆಯಿತಾ ಎಂದು ಕೇಳಿ ಇಬ್ಬರೂ ಇಡುತ್ತೇವೆ. ಎದುರು ಕೂತರೆ ಊಟವಾದರೂ ಆದೀತು. ಸಾರು ನಾನು ಮಾಡುತ್ತೇನೆ. ನಿನ್ನ ಬಟ್ಟಲು ತಾ.

ಇನ್ನೊಂದು ಇದೆ. ಅದನ್ನು ಮಗನಿಗೆ ಹೇಳಲು ಆಗಲಿಲ್ಲ. ಜಪಾನಿನಲ್ಲಿ ಸತ್ತವರು ಮನೆ ಬಿಡುವಾಗ ಅವರ ಬಟ್ಟಲನ್ನು ಹೊಸ್ತಿಲಲ್ಲಿ ಒಡೆಯುತ್ತಾರೆ. ಇನ್ನು ಇಲ್ಲಿ ನಿನಗೆ ಊಟವಿಲ್ಲ, ಹಿಂತಿರುಗಿ ಬರಬೇಡ ಎಂದು ಅದರ ಅರ್ಥ. ಮುರಾಯಿ ಅಜ್ಜಿ ಗಂಡನ ಬಟ್ಟಲನ್ನು ಒಂದೇ ಏಟಿಗೆ ಒಡೆದು, ಚೂರು ಗುಡಿಸಿ, ಎಲ್ಲರಿಗೂ ಚಾ ಮಾಡಿದ್ದರು. ಎಂಥ ಗಟ್ಟಿ ಹೆಂಗಸು ಎಂದುಕೊಂಡಿದ್ದೆ. ವಸಂತಿಯ ದಹನಕ್ಕೆ ಹೊರಡುವ ಮೊದಲು ನಾನೂ ಅನ್ನ ತೆಗೆದು, ಬಟ್ಟಲು ತೊಳೆದು, ಹೊಸ್ತಿಲವರೆಗೆ ತಂದೆ. ಕೆಳಗೆ ಆಸ್ವಾಲ್ಡ್ ಹಾರ್ನ್ ಮಾಡುತ್ತಿದ್ದ.

ಒಡೆಯಲಿಲ್ಲ. ಎಲ್ಲವನ್ನೂ ಅವರ ಹಾಗೆ ಮಾಡಿದೆ, ಇದೊಂದು ನನ್ನಿಂದಾಗಲಿಲ್ಲ. ಬಟ್ಟಲನ್ನು ಒರೆಸಿ ಅವಳ ಜಾಗದಲ್ಲಿ ಮೇಜಿನ ಮೇಲೆ ಇಟ್ಟಿದ್ದೇನೆ. ನೀವು ಬಂದಾಗಲೂ ಅಲ್ಲೇ ಇರುತ್ತದೆ, ತೆಗೆಯಬೇಡಿ. ಬರುವುದಾದರೆ ಅವಳು ಬರಲಿ.

ನಿನ್ನ ಮಾವ